ಮಗುವಿಗೆ ಅಭಯದಾನ: ಕರುಣೆಗೂ ಕಲಿಕೆ ಬೇಕೆ?

ಶ್ರಾವಕನ ಷಟ್ಕರ್ಮಗಳಲ್ಲಿ ದೇವಪೂಜೆ, ಗುರೂಪಾಸನೆ, ಸ್ವಾಧ್ಯಾಯ, ಸಂಯಮ, ತಪಗಳೊಡನೆ ದಾನವನ್ನೂ ನಮ್ಮ ಹಿರಿಯರು ಎಣಿಸಿದ್ದಾರೆ. ಆ ದಾನವನ್ನು ಮತ್ತೆ ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಇವುಗಳಲ್ಲಿ ಮೊದಲ ಮೂರು ನಮ್ಮ ಸಮಾಜಕ್ಕೆ ಚೆನ್ನಾಗಿ ರೂಢಿಯಾಗಿವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮುಂತಾದ ಈ ಗಡಿಸೀಮೆಯಲ್ಲಿ ಮನೆಮಾತು ಕನ್ನಡವಿರಲಿ, ಮರಾಠಿಯಿರಲಿ, ಗುಜರಾತಿಯಿರಲಿ, ಹಬ್ಬದ ದಿನ ಅನ್ನ ಬಡಿಸುವ ಕೈಗಳಿಗೆ ಕೊರತೆಯಿಲ್ಲ. ಆರೋಗ್ಯ ಶಿಬಿರಗಳು ನಡೆಯುತ್ತವೆ. ಬೋರ್ಡಿಂಗುಗಳಲ್ಲಿ ಹಳ್ಳಿಯ ಮಕ್ಕಳು ಓದಿ ಮುಂದೆ ಬಂದಿದ್ದಾರೆ. ನಾಲ್ಕನೆಯದಾದ ಅಭಯದಾನವನ್ನು ಮಾತ್ರ ನಾವು ಬಹುಮಟ್ಟಿಗೆ ಪ್ರಾಣಿದಯೆಯ ಅರ್ಥದಲ್ಲಿಯೇ ಗ್ರಹಿಸುತ್ತ ಬಂದಿದ್ದೇವೆ. ಕಸಾಯಿಖಾನೆಗೆ ಹೊರಟ ಹಸುವನ್ನು ಬಿಡಿಸಿ ತರುವುದು ಅಭಯದಾನವೆಂಬುದರಲ್ಲಿ ಸಂಶಯವಿಲ್ಲ. ಆದರೆ ತಂದೆತಾಯಿಗಳಿಲ್ಲದ, ಅಥವಾ ಇದ್ದೂ ಇಲ್ಲದಂತಾದ ಮಗುವಿಗೆ ಅಭಯವೆಂದರೇನು? ಅದನ್ನು ಕೊಡಲು ಒಳ್ಳೆಯ ಮನಸ್ಸೊಂದಿದ್ದರೆ ಸಾಕೆ, ಅಥವಾ ಕರುಣೆಗೂ ಒಂದು ಕಲಿಕೆ ಬೇಕೆ? ಈ ಉತ್ಸವದ ಸಂದರ್ಭದಲ್ಲಿ ಧರ್ಮಬಂಧುಗಳೊಡನೆ ಈ ಪ್ರಶ್ನೆಯನ್ನು ಕುರಿತು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಬಾಲಗೃಹದ ಮಗುವಿಗೆ ಊಟ, ಬಟ್ಟೆ, ಪುಸ್ತಕಗಳು ದೊರೆಯಬಹುದು. ಹುಟ್ಟುಹಬ್ಬ, ಪುಣ್ಯತಿಥಿಗಳ ನೆಪದಲ್ಲಿ ಸಿಹಿ ಹಂಚಲು ದಾನಿಗಳೂ ಬರುತ್ತಾರೆ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಕೈಮುಗಿಯುತ್ತಾರೆ, ಛಾಯಾಚಿತ್ರ ತೆಗೆಯಲಾಗುತ್ತದೆ. ದಾನಿಯ ಭಾವ ಶುದ್ಧವಾಗಿಯೇ ಇರಬಹುದು. ಆದರೂ ಆ ಕ್ಷಣದಲ್ಲಿ ಮಗುವಿನ ಹಸಿವು ನಮ್ಮ ಪುಣ್ಯಕ್ಕೆ ಸಾಧನವಾಯಿತೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಸಂಜೆ ದಾನಿ ಮನೆಗೆ ಮರಳುತ್ತಾನೆ, ಮಗು ಅಲ್ಲಿಯೇ ಉಳಿಯುತ್ತದೆ. ನಾಳೆ ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಯಾರು, ನಡುರಾತ್ರಿ ಅತ್ತರೆ ಎದ್ದು ಬರುವವರು ಯಾರು, ಇಂದು ಬಂದವರೇ ನಾಳೆಯೂ ಬರುವರೇ ಎಂಬ ಅನಿಶ್ಚಯವೇ ಅದರ ಭಯ. ನಾಳೆಯೂ ಇದೇ ಮುಖ, ಇದೇ ದನಿ, ಇದೇ ಕೈ ಇರುತ್ತದೆಂಬ ನಂಬಿಕೆಯೇ ಅದಕ್ಕೆ ಅಭಯ.

ಇದು ಕೇವಲ ಭಾವುಕತೆಯ ಮಾತಲ್ಲ. ರುಮೇನಿಯ ದೇಶದ ರಾಜಧಾನಿ ಬುಖಾರೆಸ್ಟಿನಲ್ಲಿ 2000ದ ಸುಮಾರಿಗೆ ಆರಂಭವಾದ ಒಂದು ಅಧ್ಯಯನದಲ್ಲಿ ಶಿಶುಗೃಹಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸಾಕು ಕುಟುಂಬಗಳಿಗೆ ಒಪ್ಪಿಸಿ, ವರ್ಷಾನುವರ್ಷ ಎರಡೂ ಗುಂಪುಗಳ ಬೆಳವಣಿಗೆಯನ್ನು ಗಮನಿಸಲಾಯಿತು. ಕುಟುಂಬ ಸೇರಿದ ಮಕ್ಕಳು, ವಿಶೇಷವಾಗಿ ಎರಡು ವರ್ಷ ತುಂಬುವ ಮೊದಲೇ ಸೇರಿದವರು, ಬುದ್ಧಿಯಲ್ಲಿಯೂ ಮಮತೆಯ ಬಂಧದಲ್ಲಿಯೂ ಸಂಸ್ಥೆಯಲ್ಲುಳಿದವರಿಗಿಂತ ಮುಂದಿದ್ದರು. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆಗ ಆ ನಗರದಲ್ಲಿ ಸಾಕು ಕುಟುಂಬಗಳ ವ್ಯವಸ್ಥೆ ಬಹುಮಟ್ಟಿಗೆ ಇರಲೇ ಇಲ್ಲ. ಸಂಶೋಧಕರೇ ಕುಟುಂಬಗಳನ್ನು ಆರಿಸಿ, ತರಬೇತಿ ಪಡೆದ ಸಮಾಜ ಕಾರ್ಯಕರ್ತರನ್ನು ಅವುಗಳ ಬೆನ್ನಿಗೆ ನಿಲ್ಲಿಸಿದರು. ಮಗುವನ್ನು ಒಂದು ಮನೆಗೆ ಒಪ್ಪಿಸಿ ಕೈತೊಳೆದುಕೊಂಡಿದ್ದರಿಂದ ಬಂದ ಫಲ ಇದಲ್ಲ.

ಮಗು ಯಾರಿಗಾಗಿ?

ಅನ್ಯರ ಮಗುವನ್ನು ಮನೆಗೆ ತಂದುಕೊಳ್ಳುವುದು ನಮಗೆ ಹೊಸದಲ್ಲ. ಆದರೆ ಹಿಂದೆ ಅದರ ಉದ್ದೇಶ ಬೇರೆಯಾಗಿತ್ತು. ವಂಶ ನಿಲ್ಲಬೇಕು, ಆಸ್ತಿಗೆ ಒಡೆಯ ಬೇಕು, ಮನೆತನದ ಹೆಸರು ಉಳಿಯಬೇಕು ಎಂಬುದೇ ದತ್ತಕಕ್ಕೆ ಮುಖ್ಯ ಕಾರಣ. ವೈದಿಕ ಸಂಪ್ರದಾಯದಲ್ಲಿ ಪಿಂಡಪ್ರದಾನದ ಅಗತ್ಯವೂ ಇದಕ್ಕೆ ಸೇರಿಕೊಂಡಿತ್ತು. ಜೈನರಲ್ಲಿ ಈ ಎರಡನೆಯ ಕಾರಣವಿರಲಿಲ್ಲ. ತನ್ನ ಕರ್ಮಫಲವನ್ನು ತಾನೇ ಉಣ್ಣಬೇಕೆನ್ನುವ ಧರ್ಮದಲ್ಲಿ ಮಗನ ಕೈಯ ಪಿಂಡದಿಂದ ತಂದೆಗೆ ಸದ್ಗತಿ ಎಂಬ ಮಾತಿಗೆ ಎಡೆಯಿಲ್ಲ. ಹೀಗಾಗಿ ಜೈನರಲ್ಲಿ ದತ್ತಕವು ಧಾರ್ಮಿಕ ವಿಧಿಯಾಗಿರದೆ ಲೌಕಿಕ ವ್ಯವಹಾರವಾಗಿತ್ತು. 1878ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಶಿವಸಿಂಗ್ ರಾಯ್ ಮತ್ತು ದಾಖೋ ಅವರ ನಡುವಿನ ಮೊಕದ್ದಮೆಯಲ್ಲಿ, ಸರಾವಗಿ ಅಗರವಾಲ ಜೈನ ವಿಧವೆಯು ಪತಿಯ ಅನುಮತಿಯಿಲ್ಲದೆಯೂ ದತ್ತಕ ಪಡೆಯಬಹುದೆಂಬ ರೂಢಿಯನ್ನು ಮಾನ್ಯ ಮಾಡಿತು. ಪರಲೋಕದ ಚಿಂತೆ ಇಲ್ಲದಿದ್ದರೂ ಆಸ್ತಿಯ ಚಿಂತೆ ಮಾತ್ರ ಅಲ್ಲಿಯೂ ಇತ್ತೆಂಬುದನ್ನು ಒಪ್ಪಬೇಕು.

ಜೈನರಿಗೂ ಅನ್ವಯಿಸುವ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯಲ್ಲಿ ಈ ಹಳೆಯ ದೃಷ್ಟಿಯ ನೆರಳು ಈಗಲೂ ಇದೆ. ಮಗ, ಮೊಮ್ಮಗ ಅಥವಾ ಮರಿಮಗ ಇರುವವರು ಇನ್ನೊಂದು ಗಂಡುಮಗುವನ್ನು ಆ ಕಾಯಿದೆಯಡಿ ದತ್ತಕ ಪಡೆಯುವಂತಿಲ್ಲ. ಮಗಳು ಅಥವಾ ಮಗನ ಮಗಳು ಇರುವವರಿಗೆ ಹೆಣ್ಣುಮಗುವಿನ ವಿಷಯದಲ್ಲಿಯೂ ಇದೇ ನಿಯಮ. ನಿಮಗಿರುವ ಕೊರತೆಯೇನು ಎಂದು ಆ ಕಾಯಿದೆ ದೊಡ್ಡವರನ್ನು ಕೇಳುತ್ತದೆ. 2016ರ ಜನವರಿಯಿಂದ ಜಾರಿಯಲ್ಲಿರುವ 2015ರ ಬಾಲನ್ಯಾಯ ಕಾಯಿದೆ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತದೆ: ಈ ಮಗುವಿಗೆ ಬೇಕಾದುದೇನು? ಮಗುವಿನ ಪರಮ ಹಿತವೇ ಎಲ್ಲ ನಿರ್ಧಾರಗಳಿಗೂ ಆಧಾರವೆಂದು ಅದು ಸಾರುತ್ತದೆ. ಈ ಕಾಯಿದೆಯಡಿ ದತ್ತಕದ ಆದೇಶ ನೀಡುವ ಅಧಿಕಾರವು 2021ರ ತಿದ್ದುಪಡಿಯಂತೆ, 2022ರ ಸೆಪ್ಟೆಂಬರಿನಿಂದ, ನ್ಯಾಯಾಲಯದ ಬದಲು ಜಿಲ್ಲಾ ದಂಡಾಧಿಕಾರಿಗಳಿಗೆ ಸೇರಿದೆ.

ಈ ತಿರುವು ಜೈನ ವಿಚಾರಕ್ಕೆ ಪರಕೀಯವಲ್ಲ. ಪ್ರತಿಯೊಂದು ಜೀವವೂ ಸ್ವತಂತ್ರ ದ್ರವ್ಯ. ಅದರ ಏಳಿಗೆಗೆ ಅದರ ಆತ್ಮವೇ ಉಪಾದಾನ, ಉಳಿದವರೆಲ್ಲ ನಿಮಿತ್ತ ಮಾತ್ರ. ಹೆತ್ತವರೂ ನಿಮಿತ್ತ, ಸಾಕಿದವರೂ ನಿಮಿತ್ತ. ಹೆತ್ತ ಮಾತ್ರಕ್ಕೆ ಮಗು ನಮ್ಮ ಸೊತ್ತಾಗದಿದ್ದ ಮೇಲೆ, ಕಾಗದಪತ್ರ ಮಾಡಿಸಿಕೊಂಡ ಮಾತ್ರಕ್ಕೆ ಆಗುವುದೆಂತು?

ಸಾಕುವುದು, ಬಿಟ್ಟುಕೊಡುವುದು

ದತ್ತಕ ಮತ್ತು ಪೋಷಕತ್ವ ಎಂಬ ಎರಡು ಮಾತುಗಳ ವ್ಯತ್ಯಾಸವನ್ನು ಇಲ್ಲಿ ತಿಳಿದುಕೊಳ್ಳಬೇಕು. ದತ್ತಕವು ಶಾಶ್ವತ. ಮಗುವಿಗೆ ಹೆತ್ತ ಮಗುವಿನ ಎಲ್ಲ ಹಕ್ಕುಗಳೂ ಬರುತ್ತವೆ. ಪೋಷಕತ್ವವು ಒಂದು ಅವಧಿಯ ಆಶ್ರಯ. ತಾಯಿ ದೀರ್ಘರೋಗದಿಂದ ಆಸ್ಪತ್ರೆಯಲ್ಲಿರಬಹುದು, ತಂದೆ ಸೆರೆಮನೆಯಲ್ಲಿರಬಹುದು. ಅವರ ಮಗುವನ್ನು ದತ್ತಕ ಕೊಡುವಂತಿಲ್ಲ, ಒಂಟಿಯಾಗಿ ಬಿಡುವಂತೆಯೂ ಇಲ್ಲ. ಅಂಥ ಮಗುವನ್ನು ಮತ್ತೊಂದು ಕುಟುಂಬ ತನ್ನದೆಂಬಂತೆ ಸಾಕಿ, ಪರಿಸ್ಥಿತಿ ಸುಧಾರಿಸಿದಾಗ ಮರಳಿ ಒಪ್ಪಿಸಬೇಕು. ಕೇಂದ್ರ ಸರ್ಕಾರದ 2024ರ ಮಾದರಿ ಮಾರ್ಗಸೂಚಿಯು ಅವಿವಾಹಿತರಿಗೂ ಒಂಟಿಯಾಗಿರುವವರಿಗೂ ಪೋಷಕರಾಗುವ ಅವಕಾಶ ನೀಡಿದೆ. ಮಗು ದತ್ತಕಕ್ಕೆ ಮುಕ್ತವೆಂದು ಘೋಷಿತವಾಗಿದ್ದರೆ ಎರಡು ವರ್ಷ ಸಾಕಿದ ಕುಟುಂಬವೇ ಅದನ್ನು ದತ್ತಕ ಪಡೆಯಲೂಬಹುದು.

ಮರಳಿಸಲೇಬೇಕೆಂದು ತಿಳಿದೂ ಪ್ರೀತಿಸುವುದು ಹೇಗೆ? ಅಪರಿಗ್ರಹವನ್ನು ನಾವು ಸಾಮಾನ್ಯವಾಗಿ ಹೊಲಮನೆ, ಹಣ, ಬಂಗಾರಗಳಿಗೆ ಹಚ್ಚಿ ಮಾತನಾಡುತ್ತೇವೆ. ಪೋಷಕ ತಾಯಿಯೊಬ್ಬಳು ಒಂದು ವರ್ಷ ಎತ್ತಿ ಆಡಿಸಿದ ಕೂಸನ್ನು ಅದರ ಹೆತ್ತ ತಾಯಿಯ ಮಡಿಲಿಗೆ ಹಾಕುವಾಗ ಅದು ಎಷ್ಟು ಕಠಿಣ ವ್ರತವೆಂಬುದು ತಿಳಿಯುತ್ತದೆ. ಬಿಟ್ಟುಕೊಡಬೇಕಾದೀತೆಂದು ಹೆದರಿ ಅರೆಮನಸ್ಸಿನಿಂದ ಸಾಕಿದರೆ ಮಗುವಿಗೆ ಅಭಯವಿಲ್ಲ. ಬಿಡಲೊಲ್ಲೆನೆಂದು ಹಟ ಹಿಡಿದರೆ ಹೆತ್ತವಳಿಗೆ ನ್ಯಾಯವಿಲ್ಲ. ಪೂರ್ಣ ಪ್ರೀತಿ, ಶೂನ್ಯ ಸ್ವಾಮ್ಯ ಎಂಬ ಈ ನಿಲುವು ತಾನಾಗಿ ಬರುವಂಥದಲ್ಲ. ಅದಕ್ಕೆ ಮೊದಲೇ ತಿಳಿವಳಿಕೆ ಬೇಕು. ಬೀಳ್ಕೊಟ್ಟ ಮೇಲೆ ಬರಿದಾದ ಮನೆಯಲ್ಲಿ ಅಳುವವಳ ಬಳಿ ಕುಳಿತು ಸಮಾಧಾನ ಹೇಳುವವರೂ ಬೇಕು.

ಸತ್ಯವನ್ನು ಹೇಳುವ ಹೊತ್ತು

ದತ್ತಕ ಕುಟುಂಬಗಳನ್ನು ಬಹುವಾಗಿ ಕಾಡುವ ಪ್ರಶ್ನೆ ಮತ್ತೊಂದಿದೆ. ನೀನು ನಮ್ಮ ಹೊಟ್ಟೆಯಲ್ಲಿ ಹುಟ್ಟಿದವನಲ್ಲ ಎಂದು ಮಗುವಿಗೆ ಹೇಳಬೇಕೆ? ಹೇಳಿದರೆ ನೋವು, ಹೇಳದಿದ್ದರೆ ಅಸತ್ಯ. ಸತ್ಯ ಮತ್ತು ಅಹಿಂಸೆಗಳು ಇಲ್ಲಿ ಎದುರುಬದುರಾದಂತೆ ತೋರುತ್ತವೆ. ನಮ್ಮ ಪುರಾಣಗಳಲ್ಲಿಯೇ ಇದಕ್ಕೆ ಎರಡು ನಿದರ್ಶನಗಳು ದೊರೆಯುತ್ತವೆ.

ಜೈನ ರಾಮಾಯಣದಲ್ಲಿ ಸೀತೆಯ ಅವಳಿ ಸೋದರ ಭಾಮಂಡಲನನ್ನು ಹುಟ್ಟಿದೊಡನೆ ಅಪಹರಿಸಲಾಗುತ್ತದೆ. ಮಕ್ಕಳಿಲ್ಲದ ವಿದ್ಯಾಧರ ದಂಪತಿಗಳು ಅವನನ್ನು ಅಕ್ಕರೆಯಿಂದ ಸಾಕುತ್ತಾರೆ. ಪ್ರೀತಿಯಲ್ಲಿ ಲೋಪವಿಲ್ಲ, ಆದರೆ ತನ್ನ ಮೂಲದ ಅರಿವು ಮಾತ್ರ ಅವನಿಗಿಲ್ಲ. ಬೆಳೆದ ಮೇಲೆ ಸೀತೆಯ ಚಿತ್ರವನ್ನು ಕಂಡು, ಅವಳು ತನ್ನ ಒಡಹುಟ್ಟೆಂದು ತಿಳಿಯದೆ ಮೋಹಿತನಾಗುತ್ತಾನೆ. ನಿಜ ತಿಳಿದಾಗ ಪಶ್ಚಾತ್ತಾಪದಲ್ಲಿ ಬೇಯುತ್ತಾನೆ. ತಪ್ಪು ಅವನದಲ್ಲ, ಅರಿವಿಲ್ಲದಿರುವಿಕೆಯದು.

ಇನ್ನೊಂದು ಕಥೆ ಜೀವಂಧರನದು. ವಾದೀಭಸಿಂಹನು ಸಂಸ್ಕೃತದಲ್ಲಿ ಹೇಳಿದ ಇದನ್ನು 1424ರಲ್ಲಿ ಭಾಸ್ಕರ ಕವಿಯು ‘ಜೀವಂಧರ ಚರಿತೆ’ಯೆಂದು ಭಾಮಿನಿ ಷಟ್ಪದಿಯಲ್ಲಿ ಕನ್ನಡಕ್ಕೆ ತಂದನು. ರಾಜ್ಯವನ್ನೂ ಪತಿಯನ್ನೂ ಕಳೆದುಕೊಂಡ ವಿಜಯಾ ಮಹಾದೇವಿಯು ಸ್ಮಶಾನದಲ್ಲಿ ಪ್ರಸವಿಸುತ್ತಾಳೆ. ಸತ್ತ ತನ್ನ ಕೂಸಿನೊಡನೆ ಅಲ್ಲಿಗೆ ಬಂದ ಗಂಧೋತ್ಕಟನೆಂಬ ವೈಶ್ಯನು ಆ ರಾಜಕುಮಾರನನ್ನು ಮನೆಗೊಯ್ದು ಮಗನಂತೆ ಬೆಳೆಸುತ್ತಾನೆ. ವಿದ್ಯಾಭ್ಯಾಸ ಮುಗಿದಾಗ ಗುರು ಆರ್ಯನಂದಿಯು ಜೀವಂಧರನಿಗೆ ಜನ್ಮವೃತ್ತಾಂತವನ್ನು ತಿಳಿಸುತ್ತಾನೆ. ತಂದೆಯನ್ನು ಕೊಂದ ಕಾಷ್ಠಾಂಗಾರನ ಮೇಲೆ ಯುವಕನ ಕೋಪ ಉಕ್ಕುತ್ತದೆ. ಗುರು ಒಂದು ವರ್ಷ ತಡೆದಿರುವಂತೆ ಅವನಿಂದ ಮಾತು ಪಡೆಯುತ್ತಾನೆ.

ಇಂದಿನ ಸಲಹೆಗಾರರಿಗೆ ಕಲಿಸುವುದೂ ಇದರಿಂದ ದೂರವಿಲ್ಲ. ನಿಜವನ್ನು ಮುಚ್ಚಿಡಬಾರದು. ಹೇಳುವವರು ಮಗು ನಂಬುವವರಾಗಿರಬೇಕು. ಹೇಳಿದ ಮೇಲೆ ಏಳುವ ಬಿರುಗಾಳಿಯಲ್ಲಿ ಕೈಬಿಡದೆ ಜೊತೆಗಿರಬೇಕು. ಇಂದಿನ ತಿಳಿವಳಿಕೆ ಇದಕ್ಕೆ ಒಂದು ಮಾತನ್ನು ಸೇರಿಸುತ್ತದೆ: ಯೌವನದವರೆಗೆ ಕಾಯದೆ, ಎಳವೆಯಿಂದಲೇ ಕಥೆಯಂತೆ, ಮಗುವಿನ ವಯಸ್ಸಿಗೆ ತಕ್ಕಷ್ಟು ಹೇಳುತ್ತ ಬಂದರೆ ಆಘಾತವೇ ಆಗದು. ಮದುವೆಯ ಚಪ್ಪರದಲ್ಲಿ ದೂರದ ನೆಂಟರೊಬ್ಬರ ಬಾಯಿಂದ ಮೊದಲ ಬಾರಿಗೆ ತಿಳಿಯುವಂತಾದರೆ, ಸತ್ಯವೂ ಹಿಂಸೆಯಾಗುತ್ತದೆ.

ಕಾರ್ಯಕರ್ತರ ಅರಿವು

ಮಗು ಮತ್ತು ಕುಟುಂಬಗಳ ನಡುವೆ ನಿಲ್ಲುವವರು ಮಕ್ಕಳ ಕಲ್ಯಾಣ ಸಮಿತಿಯವರು ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಾರ್ಯಕರ್ತರು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿಗೆ ನೇಮಕವಾದವರಿಗೆ ಎರಡು ತಿಂಗಳೊಳಗೆ ಪ್ರಾರಂಭಿಕ ತರಬೇತಿ ಕೊಡಬೇಕೆಂದು ಕಾಯಿದೆಯೇ ವಿಧಿಸಿದೆ. ಮಕ್ಕಳ ಮೇಲೆ ಪ್ರೀತಿಯಿದ್ದರೆ ಸಾಲದೆ, ತರಬೇತಿ ಏಕೆ ಎಂದು ಕೆಲವರು ಕೇಳಬಹುದು. ನಮ್ಮ ಅಜ್ಜಿಯರು ಯಾವ ತರಬೇತಿ ಪಡೆದು ನೆಂಟರ ಮಕ್ಕಳನ್ನೆಲ್ಲ ಸಾಕಿದರು ಎಂದೂ ಕೇಳಬಹುದು. ಆಕ್ಷೇಪಣೆ ಸಹಜವಾದುದೇ. ಆದರೆ ಆ ಅಜ್ಜಿಗೆ ಆ ಮಗುವಿನ ತಾಯಿ, ತವರು, ಕಾಯಿಲೆ, ಕಷ್ಟ ಎಲ್ಲವೂ ಗೊತ್ತಿದ್ದವು. ತುಂಬಿದ ಮನೆಯೇ ಅವಳಿಗೆ ಪಾಠಶಾಲೆಯಾಗಿತ್ತು. ಇಂದು ಹಿಂದುಮುಂದು ತಿಳಿಯದ ಮಗು, ಇಬ್ಬರೇ ಇರುವ ಮನೆಗೆ ಬರುತ್ತದೆ. ಅಜ್ಜಿಯ ತಿಳಿವಳಿಕೆಯನ್ನು ಬೇರೆ ದಾರಿಯಿಂದ ಒದಗಿಸಲೇಬೇಕಾಗಿದೆ.

ಹಸಿವನ್ನುಂಡ ಮಗು ಹೊಸ ಮನೆಯಲ್ಲಿ ರೊಟ್ಟಿಯನ್ನು ದಿಂಬಿನ ಕೆಳಗೆ ಬಚ್ಚಿಡಬಹುದು. ತಿಳಿಯದವರು ಅದನ್ನು ಕಳ್ಳತನವೆನ್ನುತ್ತಾರೆ, ತಿಳಿದವರು ಭಯವೆನ್ನುತ್ತಾರೆ. ಮೊದಲ ಕೆಲವು ವಾರ ಬಲು ವಿಧೇಯವಾಗಿದ್ದ ಮಗು ಒಮ್ಮೆಲೇ ಹಟಮಾರಿಯಾದರೆ, ಇವರೂ ನನ್ನನ್ನು ಬಿಟ್ಟುಬಿಡುವರೇ ಎಂದು ಅದು ಪರೀಕ್ಷಿಸುತ್ತಿರಬಹುದು. ಆಗ ಬೆತ್ತವೆತ್ತಿದರೆ ಅದರ ಅನುಮಾನ ನಿಜವಾದಂತೆ.

ಈ ಗಡಿಸೀಮೆಯಲ್ಲಿ ಭಾಷೆಯ ಅರಿವೂ ತರಬೇತಿಯ ಭಾಗವಾಗಬೇಕು. ಅಕ್ಕಲಕೋಟೆಯ ಕಡೆಯ ಕನ್ನಡ ಮಾತನಾಡುವ ಮಗುವೊಂದು ‘ಆಯಿ ಬೇಕು’ ಎಂದು ಅಳುತ್ತಿದೆಯೆಂದು ಭಾವಿಸೋಣ. ಮರಾಠಿ ಬಲ್ಲ ಕಾರ್ಯಕರ್ತೆ ತಾಯಿಯನ್ನು ಕೇಳುತ್ತಿದೆಯೆಂದು ಬರೆದುಕೊಳ್ಳುತ್ತಾಳೆ. ತಾಯಿ ತೀರಿಕೊಂಡಿದ್ದರೆ ಮಗುವಿಗೆ ಯಾರೂ ಇಲ್ಲವೆಂದು ಕಡತ ಮುಂದೆ ಸಾಗುತ್ತದೆ. ಆದರೆ ಆ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ಸಾಕಿ ಬೆಳೆಸಿದ ಅಜ್ಜಿ ಊರಲ್ಲಿ ದಾರಿ ಕಾಯುತ್ತಿರಬಹುದು. ಒಂದೇ ಒಂದು ಶಬ್ದ ತಿಳಿಯದುದರಿಂದ ಒಂದು ಮಗು ತನ್ನವರಿಂದ ದೂರವಾಗಬಹುದು. ಎರಡು ಮೂರು ಭಾಷೆಗಳು ಒಂದೇ ಓಣಿಯಲ್ಲಿ ಕೇಳಿಬರುವ ನಮ್ಮಂಥವರು ಈ ಕಾರ್ಯದಲ್ಲಿ ದುಭಾಷಿಗಳಾಗಿ ನೆರವಾಗಲು ವಿಶೇಷವಾಗಿ ತಕ್ಕವರು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಬಡತನ ಮತ್ತು ನಿರ್ಲಕ್ಷ್ಯಗಳ ವಿವೇಚನೆ. ಹರಕು ಗುಡಿಸಲಿನಲ್ಲಿರುವ ತಾಯಿ ಮಗುವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಕಾಪಾಡುತ್ತಿರಬಹುದು. ಮಹಡಿಮನೆಯಲ್ಲಿಯೂ ಮಗು ಅನಾಥವಾಗಿರಬಹುದು. ಬಡತನವೊಂದೇ ಕಾರಣವಾಗಿದ್ದರೆ ಮಗುವನ್ನು ಬೇರ್ಪಡಿಸುವುದು ಪರಿಹಾರವಲ್ಲ, ಆ ಮನೆಯನ್ನು ನಿಲ್ಲಿಸುವುದು ಪರಿಹಾರ. ಪ್ರಾಯೋಜಕತ್ವ ಯೋಜನೆಯೂ ಮಹಾರಾಷ್ಟ್ರದ ಬಾಲ ಸಂಗೋಪನ ಯೋಜನೆಯೂ ಇರುವುದು ಇದಕ್ಕಾಗಿಯೇ. ಮಗುವನ್ನು ತ್ಯಜಿಸಿ ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಕಾಯಿದೆ ಎರಡು ತಿಂಗಳ ಅವಕಾಶ ಕೊಟ್ಟಿದೆ. ಮಗುವಿಗಾಗಿ ವರ್ಷಗಟ್ಟಲೆ ಕಾದ ದಂಪತಿಗಳಿಗೆ ಆ ಎರಡು ತಿಂಗಳು ದೀರ್ಘ. ಬಾಣಂತಿತನದ ನಿಶ್ಶಕ್ತಿಯಲ್ಲಿ, ಅಪಮಾನದ ಭಯದಲ್ಲಿ ಸಹಿ ಹಾಕಿದವಳಿಗೆ ಅದೇ ಕಾಲ ಅಲ್ಪ. ಮಗು, ಹೆತ್ತವಳು, ಸಾಕುವವರು ಈ ಮೂವರ ದೃಷ್ಟಿಯನ್ನೂ ಒಟ್ಟಿಗೆ ಹಿಡಿದು ನೋಡಬಲ್ಲವನೇ ನಿಜವಾದ ಕಾರ್ಯಕರ್ತ. ಅನೇಕಾಂತವು ಗ್ರಂಥದಿಂದ ಬಾಳಿಗಿಳಿಯುವ ಸ್ಥಳಗಳಲ್ಲಿ ಇದೂ ಒಂದು.

ಸಮಾಜದ ಪಾಲು

ಮಹಾರಾಷ್ಟ್ರದ ನೆಲದಲ್ಲಿ ಈ ಕಾರ್ಯಕ್ಕೆ ಹಳೆಯ ಮೇಲ್ಪಂಕ್ತಿಗಳಿವೆ. ಜ್ಯೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು 1863ರಲ್ಲಿ ಪುಣೆಯ ತಮ್ಮ ಮನೆಯಲ್ಲಿ ನಿರ್ಗತಿಕ ವಿಧವೆಯರ ಶಿಶುಗಳಿಗಾಗಿ ಆಶ್ರಯ ತೆರೆದರು. 1874ರಲ್ಲಿ ಬ್ರಾಹ್ಮಣ ವಿಧವೆಯೊಬ್ಬರ ಮಗ ಯಶವಂತನನ್ನು ದತ್ತಕ ಪಡೆದು ವೈದ್ಯನನ್ನಾಗಿ ಮಾಡಿದರು. 1897ರ ಪ್ಲೇಗಿನಲ್ಲಿ ರೋಗಿಗಳ ಸೇವೆ ಮಾಡುತ್ತಲೇ ಸಾವಿತ್ರಿಬಾಯಿ ತೀರಿಕೊಂಡಾಗ, ಆ ಸೇವೆಯಲ್ಲಿ ಅವರ ಜೊತೆಗಿದ್ದವನು ಈ ದತ್ತುಪುತ್ರನೇ. ನಮ್ಮ ಸೊಲ್ಲಾಪುರ ಜಿಲ್ಲೆಯ ಪಂಢರಪುರದಲ್ಲಿ ಪ್ರಾರ್ಥನಾ ಸಮಾಜದವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ ತೊರೆದ ಕೂಸುಗಳಿಗಾಗಿ ಆಶ್ರಮ ಸ್ಥಾಪಿಸಿದರು.

ಇಂದು ಸಮಾಜದಿಂದ ಆಗಬೇಕಾದುದು ದೊಡ್ಡ ಕಟ್ಟಡವಲ್ಲ. ದತ್ತಕ ಪಡೆದ ಕುಟುಂಬವನ್ನು ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ಅಧಿಕಾರಿಗಳು ಭೇಟಿ ಮಾಡುತ್ತಾರೆ. ಉಳಿದ ದಿನಗಳಲ್ಲಿ ಆ ಕುಟುಂಬದ ಸುತ್ತ ಇರುವವರು ನಾವೇ. ‘ಎಷ್ಟಾದರೂ ಸಾಕಿದ್ದು’, ‘ರಕ್ತ ಯಾವುದೋ ಏನೋ’ ಎಂಬ ನಮ್ಮ ಮಾತುಗಳು ಮಗುವಿನ ಕಿವಿಗೂ ಬೀಳುತ್ತವೆ. ‘ಅದರ ಪೂರ್ವಕರ್ಮ, ಅನುಭವಿಸುತ್ತಿದೆ’ ಎನ್ನುವವರೂ ಉಂಟು. ಕರ್ಮಸಿದ್ಧಾಂತವು ನಮ್ಮ ಹೊಣೆಯನ್ನು ನೆನಪಿಸಲು ಇರುವುದೇ ಹೊರತು ಅನ್ಯರ ದುಃಖಕ್ಕೆ ಬೆನ್ನು ತಿರುಗಿಸಲು ಅಲ್ಲ. ಇನ್ನೊಬ್ಬರ ಕಷ್ಟವನ್ನು ಕಂಡೂ ಸುಮ್ಮನಿದ್ದರೆ ಆಗುವ ಬಂಧ ನಮಗೇ.

ಕೆಲವು ಎಚ್ಚರಿಕೆಗಳನ್ನೂ ಇಲ್ಲಿ ಹೇಳಬೇಕು. ಆಸ್ಪತ್ರೆಯಲ್ಲಿ, ಪರಿಚಿತರ ಮೂಲಕ, ಹಣ ಕೊಟ್ಟು ಕೂಸನ್ನು ತಂದುಕೊಳ್ಳುವುದು ಅಪರಾಧ. ಮಗುವಿನ ಕೊಳ್ಳುವಿಕೆ, ಮಾರಾಟಗಳಿಗೆ ಐದು ವರ್ಷಗಳವರೆಗೆ ಕಠಿಣ ಶಿಕ್ಷೆಯಿದೆ. ಪುಣ್ಯವೆಂದು ಮಾಡಿದ್ದು ಮತ್ತೊಬ್ಬ ತಾಯಿಯ ಕಣ್ಣೀರಿಗೆ ಕಾರಣವಾಗಬಹುದು. ರಕ್ಷಣೆಯಲ್ಲಿರುವ ಮಗುವಿನ ಹೆಸರನ್ನಾಗಲಿ ಚಿತ್ರವನ್ನಾಗಲಿ ಪ್ರಕಟಿಸುವುದಕ್ಕೂ ನಿಷೇಧವಿದೆ. ದಾನದ ಛಾಯಾಚಿತ್ರಗಳನ್ನು ಅಚ್ಚು ಹಾಕುವವರು ಇದನ್ನು ನೆನಪಿಡಬೇಕು. ಸಂಕಟದಲ್ಲಿರುವ ಮಗುವನ್ನು ಕಂಡರೆ ನೇರವಾಗಿ ಮನೆಗೊಯ್ಯದೆ 1098 ಸಂಖ್ಯೆಗೆ ಕರೆ ಮಾಡಿ ತಿಳಿಸುವುದು ಸರಿಯಾದ ದಾರಿ.

ಮಾಡಬಹುದಾದ ಕೆಲಸಗಳು ಸರಳ. ಮಗು ಬಂದ ಮನೆಯಲ್ಲಿ ಸೊಸೆ ದಣಿದಾಗ ಒಂದು ಮಧ್ಯಾಹ್ನ ಮಗುವನ್ನು ನೋಡಿಕೊಳ್ಳುವುದು. ಪಾಠಶಾಲೆಯಲ್ಲಿ ಅದನ್ನು ಬೇರೆಯೆಂದು ತೋರಿಸದಿರುವುದು. ದತ್ತಕ ಮತ್ತು ಪೋಷಕ ಕುಟುಂಬಗಳು ತಿಂಗಳಿಗೊಮ್ಮೆ ಸೇರಿ ಮನಬಿಚ್ಚಿ ಮಾತನಾಡಲು ಸಭಾಭವನದ ಒಂದು ಕೋಣೆಯನ್ನು ಕೊಡುವುದು. ಸಮಾಜ ಕಾರ್ಯವನ್ನು ಓದಬಯಸುವ ನಮ್ಮ ಯುವಕ ಯುವತಿಯರಿಗೆ ವಿದ್ಯಾರ್ಥಿವೇತನ ನೀಡುವುದು. ಈ ಕೊನೆಯದು ಶಾಸ್ತ್ರದಾನವೂ ಹೌದು, ಅಭಯದಾನವೂ ಹೌದು.

ಸಮ್ಯಗ್ದರ್ಶನದ ಬಳಿಕ ಸಮ್ಯಗ್ಜ್ಞಾನವನ್ನೂ, ಅದರ ಬಳಿಕವೇ ಸಮ್ಯಕ್‌ಚಾರಿತ್ರವನ್ನೂ ಹೇಳುವ ಕ್ರಮ ನಮ್ಮದು. ಶ್ರದ್ಧೆಯಿಂದ ನೇರವಾಗಿ ಕ್ರಿಯೆಗೆ ಹಾರದೆ ನಡುವೆ ಅರಿವಿನ ಮೆಟ್ಟಿಲನ್ನು ಇರಿಸಿದ್ದಾರೆ. ಹುಳುಹುಪ್ಪಟೆಗೆ ಘಾತವಾಗದಂತೆ ನಾಲ್ಕು ಮೊಳ ನೆಲ ನೋಡಿ ಹೆಜ್ಜೆಯಿಡುವ ಮುನಿಗಳ ಈರ್ಯಾಸಮಿತಿಯೂ ಕರುಣೆಯ ಕಲಿಕೆಯೇ. ಕಾಲಡಿಯ ಇರುವೆಯ ವಿಷಯದಲ್ಲಿ ಅಷ್ಟು ಎಚ್ಚರವನ್ನು ಬಯಸುವ ನಾವು, ಒಮ್ಮೆ ಮನೆ ಕಳೆದುಕೊಂಡ ಮಗುವಿನ ಮನಸ್ಸಿನೊಳಗೆ ಕಾಲಿಡುವಾಗ ಅದಕ್ಕಿಂತ ಕಡಿಮೆ ಎಚ್ಚರದಿಂದ ನಡೆಯಲಾಗದು. ಕರುಣೆಗೂ ಕಲಿಕೆ ಬೇಕು. ಅದನ್ನು ಕಲಿಯುವವರಿಗೆ, ಕಲಿತು ಮಕ್ಕಳನ್ನು ಸಾಕುವವರಿಗೆ ಆಸರೆಯಾಗಿ ನಿಲ್ಲುವ ಸದ್ಬುದ್ಧಿ ನಮ್ಮೆಲ್ಲರಲ್ಲಿ ಮೂಡಲಿ.